ಹಗ್ಗ ಹಿಡಿದವರ ಪಾಲು

ಕರಿಬಸಪ್ಪನವರು ಮುಂಡಗೋಡಿಗೆ ಹೆಂಡತಿಯ ತಮ್ಮನ ಮಗನ ಜವಳಕ್ಕೆ ಹೋಗುತ್ತಾರೆ, ಸಂಜೆ ಏಳರತನಕ ತಿರುಗಿ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ರುದ್ರೇಶ ಜೀಪಿನ ಕೀಲಿ ಮುಟ್ಟಿದ್ದು. "ಸರ್ವಿಸಿಂಗಿಗೆ ಹಾಕಿ ತರ್ತೇನ್ರಿ" ಎಂದು ಹಿಂದಿನ ದಿನವೇ ಹೇಳಿಯೂ ಇಟ್ಟಿದ್ದ. ದಾಂಡೇಲಿಯ ಮೌಳಂಗಿ ಹತ್ತಿರದ ಅವರ ಹೋಮ್‌ಸ್ಟೇಯಲ್ಲಿ ಅವನು ಮೂರು ವರ್ಷದಿಂದ ಡ್ರೈವರ್. ಅವನಿಗಿಂತ ಮೊದಲಿದ್ದ ಡ್ರೈವರ್ ಕೇಳದೆ ಜೀಪನ್ನು ಹಳಿಯಾಳದತನಕ ಒಯ್ದಿದ್ದಕ್ಕೆ ಕರಿಬಸಪ್ಪನವರು ಅವನನ್ನು ಅಂಗಳದಲ್ಲೇ ನಿಲ್ಲಿಸಿ ಕೀಲಿ ಇಸಕೊಂಡು ಮನೆಗೆ ಕಳಿಸಿದ್ದರು. ಹಳಿಯಾಳ ಎಂದರೆ ಹೆಚ್ಚೆಂದರೆ ಇಪ್ಪತ್ತೈದು ಕಿಲೋಮೀಟರು. ರುದ್ರೇಶ ಒಯ್ಯುತ್ತಿದ್ದುದು ಸಮುದ್ರಕ್ಕೆ.

ಬೆಳಿಗ್ಗೆ ಐದೂವರೆಗೆ ಹೊರಟರು. ಪಕ್ಕದ ಸೀಟಿನಲ್ಲಿ ಗೆಳೆಯ ಮಹಾಬಳೇಶ್ವರ. ಕಾಳಿ ಹೊಳೆಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ಸುಳಿ ದಾಟಿಸುವುದು ಅವನ ಕೆಲಸ. ಹಿಂದೆ ರುದ್ರೇಶನ ಚಿಕ್ಕಪ್ಪನ ಮಗಳು ಪೂರ್ಣಿಮಾ, ಅವಳ ಗೆಳತಿ ಜ್ಯೋತಿ. ಜ್ಯೋತಿಯ ಅಪ್ಪ ಕಾಗದದ ಮಿಲ್ಲಿನಲ್ಲಿದ್ದ. ಅವಳು ದಾಂಡೇಲಿಯ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ದಿನವಿಡೀ ರೋಗಿಗಳ ಜೊತೆ ಸಮಾಧಾನದಿಂದ ಮಾತಾಡಿ, ಉಳಿದವರ ಜೊತೆ ಅದರ ಸೇಡು ತೀರಿಸಿಕೊಳ್ಳುತ್ತಿದ್ದಳು.

ಜೋಯಿಡಾ, ಕುಂಬಾರವಾಡ ದಾಟಿ, ಕದ್ರಾ ಇಳಿದು, ಕಾರವಾರದ ಆಚೆ ಒಂದು ಮಣ್ಣಿನ ರಸ್ತೆ ಹಿಡಿದು ದಂಡೆ ಮುಟ್ಟುವಾಗ ಹತ್ತು ಗಂಟೆ. ಮಹಾಬಳೇಶ್ವರ ಯಾವುದೋ ಗೆಸ್ಟಿನ ಮೊಬೈಲಿನಲ್ಲಿ ಫೋಟೋ ನೋಡಿದ್ದ ಬೀಚು ಎದುರಿನ ಗುಡ್ಡದ ಹಿಂದಿತ್ತು. ಅಲ್ಲಿಗೆ ರಸ್ತೆಯಿಲ್ಲ, ಕಲ್ಲು ಹತ್ತಿ ಇಳಿಯಬೇಕು. ಈಚೆಯ ದಂಡೆಯ ಇನ್ನೊಂದು ತುದಿಯಲ್ಲಿ ಕೆಲವರು ಬಲೆ ಬಿಡಿಸುತ್ತ ಕೂತಿದ್ದರು.

ನೀರು ಬಹಳ ದೂರ ಸರಿದಿತ್ತು. ಗುಡ್ಡದ ಬುಡದ ದೊಡ್ಡ ಬಂಡೆಯ ನೆರಳಿನಲ್ಲಿ ಉಸುಕು ಗಟ್ಟಿಯಾಗಿ, ಸಿಮೆಂಟು ಹಾಕಿದಂತಿತ್ತು.

"ಇಲ್ಲೇ ನಿಲ್ಲಸು," ಅಂದ ಮಹಾಬಳೇಶ್ವರ. "ನೆಳ್ಳ ಐತಿ."

"ನೀರ ಬಂದ್ರ?"

ಮಹಾಬಳೇಶ್ವರ ಬಂಡೆಯ ಹತ್ತಿರ ಹೋಗಿ ಹಸಿ ಗೆರೆಯ ಮೇಲೆ ಕೈಯಾಡಿಸಿದ. ದಾಂಡೇಲಿಯಲ್ಲಿ ಎಲ್ಲರೂ ಹೊಳೆ ಓದುವುದು ಹೀಗೆಯೇ. ಮೇಲಿನ ಡ್ಯಾಮಿನವರು ನೀರು ಬಿಟ್ಟರೆ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ, ಇಳಿದ ಮೇಲೆ ತಾಸುಗಟ್ಟಲೆ ಹಾಗೇ ಬಿದ್ದಿರುತ್ತದೆ. ರುದ್ರೇಶ ಪ್ರತಿ ಸೋಮವಾರ ಜೀಪನ್ನು ಹೊಳೆಯ ಪಾತ್ರಕ್ಕೇ ಇಳಿಸಿ ತೊಳೆಯುತ್ತಿದ್ದುದು ಇದೇ ಭರವಸೆಯ ಮೇಲೆ.

"ಗೆರಿ ನೋಡು. ಮುಂಜಾನಿ ಬಂದು ಹೋಗೇತಿ. ಇನ್ನ ಸಂಜಿತನಕ ಬರಂಗಿಲ್ಲ."

"ಸಮುದ್ರಕ್ಕ ಯಾರ ಗೇಟ್ ಹಚ್ಚ್ಯಾರೋ?" ಎಂದಳು ಜ್ಯೋತಿ.

"ನೀ ಗುಳಿಗಿ ಮಾರು. ನೀರಿನ ವಿಷಯ ನನಗ ಬಿಡು. ನಾಕ ವರ್ಷ ಆತು, ಒಂದ ಬೋಟ್ ಮುಳುಗಿಸಿಲ್ಲ."

ರುದ್ರೇಶ ಜೀಪನ್ನು ನೆರಳಿಗೆ ಸೇರಿಸಿದ.

ಗುಡ್ಡದ ಆಚೆ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಅರ್ಧ ಚಂದ್ರದಂಥ ದಂಡೆ, ಹಿಂದೆ ಗಾಳಿಮರಗಳು, ಎರಡೂ ಕಡೆ ಕರಿ ಕಲ್ಲು. ಪೂರ್ಣಿಮಾ ಚಪ್ಪಲಿ ಎಸೆದು ಓಡಿದವಳು ಮೊದಲ ಅಲೆಗೇ ಬಿದ್ದಳು, ಎದ್ದು ನೀರು ಉಗುಳಿ, "ಅಣ್ಣಾ, ಖರೇನ ಉಪ್ಪ ಐತಿ!" ಎಂದು ಒದರಿದಳು.

"ಶಾಲ್ಯಾಗ ಸುಳ್ಳ ಹೇಳಿದ್ರು ಅಂತ ತಿಳಕೊಂಡಿದ್ದೇನ?" ಎಂದ ರುದ್ರೇಶ. ಮರುಗಳಿಗೆ ಅವನೂ ಬಿದ್ದ.

ಅಲೆಗೆ ಬೆನ್ನು ಕೊಡುವುದು, ಉರುಳುವುದು, ಮತ್ತೆ ಓಡುವುದು, ಇಷ್ಟೇ ಆಟ. ಅದೇ ಎರಡು ತಾಸು ಸಾಕಾಯಿತು. ಮಹಾಬಳೇಶ್ವರ ಅಲೆಗಳನ್ನು ಕೂಡ ದೋಣಿಯಲ್ಲಿ ಕೂತ ಗೆಸ್ಟುಗಳ ಹಾಗೆ ನಡೆಸಿಕೊಳ್ಳಲು ನೋಡಿದ. "ರೆಡೀ... ಈಗ!" ಎನ್ನುತ್ತಿದ್ದ. ಅಲೆ ಅವನ ಮಾತು ಕೇಳದೆ ಎರಡು ಸಲ ಅವನ ಚಡ್ಡಿ ಜಾರಿಸಿತು. ಜ್ಯೋತಿ ನಕ್ಕು ನಕ್ಕು ಉಸುಕಿನಲ್ಲಿ ಕೂತುಬಿಟ್ಟಳು. ಆಮೇಲೆ ಹಸಿವಾಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಎಲ್ಲ ಜೀಪಿನಲ್ಲಿತ್ತು.

"ನಾ ತರ್ತೇನಿ," ಎಂದು ರುದ್ರೇಶ ಗುಡ್ಡ ಹತ್ತಿದ. ಮೇಲೆ ನಿಂತು ಕೆಳಗೆ ನೋಡಿದವನಿಗೆ ಒಂದು ಕ್ಷಣ ಬೇರೆ ಕಡೆ ಬಂದೆನೇನೋ ಅನ್ನಿಸಿತು. ಉಸುಕು ಇರಲಿಲ್ಲ. ಬಂಡೆಯ ಸುತ್ತ ನೀರು, ನೀರಿನ ನಡುವೆ ಜೀಪು. ಅಲೆ ಬಂದಾಗಲೊಮ್ಮೆ ಗಾಲಿ ಅರ್ಧ ಮುಚ್ಚುತ್ತಿತ್ತು.

"ಮಾಬ್ಲ್ಯಾ!" ಎಂದು ಅವನು ಕೂಗಿದ್ದು ಗುಡ್ಡದ ಎರಡೂ ಕಡೆ ಕೇಳಿರಬೇಕು.

ಇಳಿದು ಹೋಗಿ ಸ್ಟಾರ್ಟ್ ಮಾಡಿದ. ಎಂಜಿನ್ ಹತ್ತಿತು. ನಾಲ್ಕೂ ಗಾಲಿಗೆ ಗೇರು ಹಾಕಿದ. ಗಾಲಿಗಳು ತಿರುಗಿದಷ್ಟೂ ತಮ್ಮ ಗುಂಡಿ ತಾವೇ ತೋಡಿಕೊಂಡವು. ಮೂವರೂ ಓಡಿ ಬಂದು ಹಿಂದಿನಿಂದ ನೂಕಿದರು. ಜೀಪು ಒಂದು ಗೇಣು ಮುಂದೆ ಹೋಗಿ ಎರಡು ಗೇಣು ಕುಸಿಯಿತು.

"ನೀರಿನ ವಿಷಯ ನಿನಗ ಬಿಡಬೇಕಲ್ಲಾ?" ಎಂದಳು ಜ್ಯೋತಿ ಏದುಸಿರಿನಲ್ಲಿ. ಮಹಾಬಳೇಶ್ವರ ತಲೆ ತಗ್ಗಿಸಿ ಗಾಲಿಯ ಮುಂದಿನ ಉಸುಕನ್ನು ಕೈಯಿಂದ ತೋಡತೊಡಗಿದ.

ರುದ್ರೇಶನಿಗೆ ಅಂಗಳದಲ್ಲಿ ಕೈ ಚಾಚಿ ನಿಂತ ಕರಿಬಸಪ್ಪನವರು ಕಾಣಿಸಿದರು. ಮೊದಲಿನ ಡ್ರೈವರ್ ಜೀಪನ್ನಾದರೂ ವಾಪಸು ತಂದಿದ್ದ.

ಅವನು ದಂಡೆಯ ಆ ತುದಿಗೆ ಓಡಿದ. ಅಲ್ಲಿ ಸುಮಾರು ಮೂವತ್ತು ಮಂದಿ ಎರಡು ಸಾಲಾಗಿ ನಿಂತು ಹಗ್ಗ ಜಗ್ಗುತ್ತಿದ್ದರು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಕಮಾನಿನಂತೆ ಬಲೆ ಬಿಟ್ಟು, ಅದರ ಎರಡೂ ತುದಿಗಳನ್ನು ದಂಡೆಯಿಂದ ಎಳೆಯುವ ರಂಪಣಿ ಅದು. ಸಾಲಿನ ಪಕ್ಕ ಸೀರೆಯ ಕಚ್ಚೆ ಹಾಕಿದ ಒಬ್ಬ ಮುದುಕಿ ನಿಂತು ಎಲ್ಲರಿಗೂ ಬೈಯುತ್ತಿದ್ದಳು. ಅವಳನ್ನು ಗೋದುಬಾಯಿ ಎಂದು ಕರೆಯುತ್ತಿದ್ದರು.

"ಅವ್ವಾರ, ಗಾಡಿ ಸಿಗಬಿದ್ದೈತ್ರಿ! ಸ್ವಲ್ಪ ಬರ್ರಿ, ಎಲ್ಲಾರೂ ಕೂಡಿ ಜಗ್ಗಿದ್ರ—"

ಗೋದುಬಾಯಿ ಜೀಪಿನ ಕಡೆ ನೋಡಿದಳು. "ಗಾಡಿ ಅಲ್ಲಿ ಎಂತಕ್ಕೆ ಇಟ್ಟದ್ದು ಮಾರಾಯಾ? ಅದು ನೀರಿನ ಜಾಗ. ಘಟ್ಟದ ಮೇಲಿನವ್ರಾ?"

"ಹೌದ್ರಿ, ದಾಂಡೇಲಿ."

"ಅದೇ."

"ಬರ್ರಿ ಲಗೂನ, ಕೈ ಮುಗಿತೇನಿ."

"ಬಲೆ ಅರ್ಧಕ್ಕೆ ಬಿಟ್ರೆ ಇಷ್ಟು ಮಂದಿಯ ಇವತ್ತಿನ ದುಡಿಮೆ ಹೋಯ್ತು. ಮೀನು ನಿಂತು ಕಾಯೂದಿಲ್ಲ. ನಿನ್ನ ಗಾಡಿ ಕಬ್ಬಿಣ, ಅರ್ಧ ತಾಸು ನೆನೆದ್ರೆ ಕರಗೂದಿಲ್ಲ. ಮೊದ್ಲು ನಮ್ಮ ಹಗ್ಗ ಹಿಡಿ, ಮತ್ತೆ ನಿನ್ನ ಹಗ್ಗ ನಾವು ಹಿಡಿತೇವೆ."

ರುದ್ರೇಶ ತಿರುಗಿ ನೋಡಿದ. ನೀರು ಮುಂದಿನ ಬಂಪರ್ ನೆಕ್ಕುತ್ತಿತ್ತು. ಇನ್ನೊಂದು ಮೊಳ ಏರಿದರೆ ಎಂಜಿನ್. ವಾದ ಮಾಡುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ ಎಂದು ತಿಳಿದು ಹಗ್ಗ ಹಿಡಿದ. ಮೂವರನ್ನೂ ಕೂಗಿ ಕರೆದ.

ಹಗ್ಗ ಅಂಗೈ ಸುಲಿಯಿತು. ಹಿಂದಕ್ಕೆ ಹೆಜ್ಜೆ ಹಾಕುತ್ತ ಎಳೆಯಬೇಕು, ಸಾಲಿನ ಕೊನೆ ಮುಟ್ಟಿದವನು ಹಗ್ಗ ಬಿಟ್ಟು ನೀರಿನ ಅಂಚಿಗೆ ಓಡಿ ಮತ್ತೆ ಹಿಡಿಯಬೇಕು. ಮಹಾಬಳೇಶ್ವರ ಎರಡನೇ ಸುತ್ತಿಗೆ ಚೇತರಿಸಿಕೊಂಡು, "ಆಲ್ ಟುಗೆದರ್! ಪುಲ್!" ಎಂದು ಶುರು ಮಾಡಿದ.

"ಇವ ಯಾರು ಮಿಲಿಟ್ರಿಯವ?" ಎಂದಳು ಗೋದುಬಾಯಿ. "ಬಾಯಿ ಮುಚ್ಚಿ ಎಳಿ. ಮೀನಿಗೆ ಕೇಳ್ತದೆ."

ಸಾಲಿಗೆ ಸಾಲೇ ನಕ್ಕಿತು. ರುದ್ರೇಶನಿಗೂ ನಗು ಬಂತು, ಅಂಥ ಹೊತ್ತಿನಲ್ಲಿ ನಗು ಬಂದುದಕ್ಕೆ ಸಿಟ್ಟೂ ಬಂತು. ಪ್ರತಿ ಸಲ ನೀರಿನ ಅಂಚಿಗೆ ಓಡಿದಾಗ ಜೀಪು ನೋಡುತ್ತಿದ್ದ. ನೀರು ಹೆಡ್‌ಲೈಟ್ ಮುಟ್ಟಲು ಇನ್ನು ಮೂರು ಬೆರಳು. ಎರಡು ಬೆರಳು. ಪೂರ್ಣಿಮಾ ಪಕ್ಕದಲ್ಲಿ ಹಲ್ಲು ಕಚ್ಚಿ ಎಳೆಯುತ್ತ, "ನೋಡಬ್ಯಾಡಣ್ಣಾ, ಜಗ್ಗು" ಅಂದಳು.

ಬಲೆ ಬಂತು. ಉಸುಕಿನ ಮೇಲೆ ಬೆಳ್ಳಿ ಚೆಲ್ಲಿದಂತೆ ಬಂಗಡೆ, ತಾರಲೆ ಒದ್ದಾಡಿದವು. ಯಾರೂ ಒಂದು ನಿಮಿಷ ನಿಂತು ನೋಡಲಿಲ್ಲ. ಗೋದುಬಾಯಿ ಒಂದು ಸಿಳ್ಳೆ ಹೊಡೆದಳು, ಅಷ್ಟೇ. ಬಲೆಯ ಹಗ್ಗವನ್ನೇ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಮೂವತ್ತು ಮಂದಿ ಜೀಪಿನ ಕಡೆ ನಡೆದರು. ಒಬ್ಬ ಮುಳುಗಿ ಮುಂದಿನ ಕೊಕ್ಕೆಗೆ ಗಂಟು ಹಾಕಿದ. ರುದ್ರೇಶ ಗೇರನ್ನು ನ್ಯೂಟ್ರಲ್ಲಿಗೆ ತಂದು ಸ್ಟೇರಿಂಗ್ ಹಿಡಿದ. ಅಲೆ ಬಂದು ಜೀಪು ಸ್ವಲ್ಪ ಹಗುರಾದ ಗಳಿಗೆ ನೋಡಿ ಗೋದುಬಾಯಿ ಕೈ ಎತ್ತಿದಳು. ಮೂರನೇ ಅಲೆಗೆ ಜೀಪು ಮೊಸರಿನಿಂದ ಚಮಚ ಕಿತ್ತಂತೆ ಎದ್ದು ಬಂತು. ನಾಲ್ಕನೇ ಸಲ ಕೀಲಿ ತಿರುಗಿಸಿದಾಗ ಎಂಜಿನ್ನೂ ಹತ್ತಿತು.

ಹೊರಡುವಾಗ ಗೋದುಬಾಯಿ ನಾಲ್ಕು ಪ್ಲಾಸ್ಟಿಕ್ ಚೀಲ ಮೀನು ತಂದು ಸೀಟಿನ ಮೇಲೆ ಇಟ್ಟಳು. "ಹಗ್ಗ ಹಿಡಿದವ್ರ ಪಾಲು."

"ನಾವು ತಿನ್ನಂಗಿಲ್ರಿ, ಅವ್ವಾರ. ಲಿಂಗಾಯತ್ರು," ಎಂದ ರುದ್ರೇಶ ಸಂಕೋಚದಿಂದ.

"ತಿನ್ನು ಅಂತ ಯಾರು ಹೇಳಿದ್ರು? ಪಾಲು ಪಾಲೇ. ತಕ್ಕೊಂಡು ಹೋಗು."

ದಾರಿಯುದ್ದಕ್ಕೂ ಸುಳ್ಳು ಹುಡುಕಿದರು. "ಮಳಿ ಬಂತು ಅನ್ನು," ಎಂದ ಮಹಾಬಳೇಶ್ವರ. "ಮೀನಿನ ಮಳಿ?" ಎಂದಳು ಜ್ಯೋತಿ. ಅವರಿಬ್ಬರೂ ದಾಂಡೇಲಿಯಲ್ಲಿ ನಾಲ್ಕೂ ಚೀಲ ಹಿಡಿದುಕೊಂಡು ಇಳಿದರು. ಅಲ್ಲೇ ಅತ್ತೆಯ ಮನೆಯಲ್ಲಿ ಉಳಿಯುವ ಪೂರ್ಣಿಮಾಳೂ ಇಳಿದಳು. ವಾಸನೆ ಮಾತ್ರ ಇಳಿಯಲಿಲ್ಲ.

ಕರಿಬಸಪ್ಪನವರು ಆರೂವರೆಗೇ ಬಂದಿದ್ದರು. ಜೀಪಿನ ಸುತ್ತ ಒಂದು ಸುತ್ತು ಹಾಕಿ ಮೂಗು ಮುರಿದರು. ಮಡ್‌ಗಾರ್ಡಿಗೆ ಬೆರಳು ಒರೆಸಿ ನಾಲಿಗೆಗೆ ಹಚ್ಚಿಕೊಂಡರು.

"ಯಾವ ಗ್ಯಾರೇಜಿನ್ಯಾಗ ಉಪ್ಪನೀರ ಹೊಡೀತಾರೋ?"

ರುದ್ರೇಶ ಕೂಡಿಟ್ಟುಕೊಂಡಿದ್ದ ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಂಡೆಯ ಗೆರೆ ನೋಡಿ ಜೀಪು ನಿಲ್ಲಿಸಿದ್ದೂ ಹೇಳಿದ.

"ಕೀಲಿ ಕೊಡು."

ಕೊಟ್ಟ. ಕರಿಬಸಪ್ಪನವರು ಅದನ್ನು ಅಂಗೈಯಲ್ಲಿ ಎರಡು ಸಲ ತೂಗಿದರು. "ನಾಳೆ ಮುಂಜಾನಿ ಆರಕ್ಕ ಏಳ ಮಂದಿ ಸಫಾರಿಗೆ ಹೊಂಟಾರ. ಅವರನ್ನ ಗೋದುಬಾಯಿ ಜಗ್ಗಿಕೊಂಡ ಹೋಗ್ತಾಳೇನು?" ಎಂದು ಕೀಲಿಯನ್ನು ಅವನ ಎದೆಗೆ ಎಸೆದರು. "ನಾಕ ರವಿವಾರ ಸೂಟಿ ಇಲ್ಲ. ಈಗ ಪೈಪ್ ತಗೊಂಡು ಕೆಳಗ ಹೊಕ್ಕು ತೊಳಿ. ಒಂದ ಹರಳ ಉಪ್ಪ ಉಳಿದ್ರೂ ಚಾಸಿ ತುಕ್ಕ ಹಿಡೀತೈತಿ."

ರುದ್ರೇಶ ಜೀಪಿನಡಿ ಅಂಗಾತ ಮಲಗಿದ. ಕೆಲಸ ಉಳಿಯಿತು ಎಂಬುದು ಮುಖದ ಮೇಲೆ ಕೆಸರು ಸುರಿಯತೊಡಗಿದ ಮೇಲೆ ಅವನಿಗೆ ಪೂರ್ತಿ ಅರ್ಥವಾಯಿತು. ಕರಿಬಸಪ್ಪನವರು ಕುಕ್ಕರಗಾಲಲ್ಲಿ ಕೂತು ಮೊಬೈಲಿನ ಬೆಳಕು ಹಿಡಿದರು. "ಆ ಸ್ಪ್ರಿಂಗ್ ಪಟ್ಟಿಗೆ ಹೊಡಿ. ಅದರ ಹಿಂದ."

ಪಟ್ಟಿಯ ಹಿಂದಿನಿಂದ ಉಸುಕಿನ ಜೊತೆ ಒಂದು ಪುಟ್ಟ ಏಡಿ ಬಿತ್ತು. ಬಿದ್ದದ್ದೇ ಕೊಂಡಿ ಎತ್ತಿಕೊಂಡು ಅಡ್ಡಡ್ಡ ಓಡುತ್ತ ಬೆಳಕಿನ ಕಡೆಗೇ ಹೊರಟಿತು.

"ಅಯ್ಯಯ್ಯಪ್ಪಾ!" ಎಂದು ಕರಿಬಸಪ್ಪನವರು ಪಂಚೆ ಎತ್ತಿಕೊಂಡು ಕಟ್ಟೆ ಏರಿದರು. "ಹಿಡಿಯೋ ಅದನ್ನ! ಮನಿಯೊಳಗ ಹೊಕ್ಕೀತು! ನಗಬ್ಯಾಡ, ಮೊದಲ ಹಿಡಿ!"

ರುದ್ರೇಶ ಪೈಪು ಬಿಟ್ಟು, ಬಕೆಟ್ ಎಳೆದುಕೊಂಡು, ನಗುತ್ತಲೇ ಅದರ ಹಿಂದೆ ತೆವಳಿದ.