ನಾನು ಬಿದ್ದರೆ ಊರೇ ನಿಲ್ಲುತ್ತೆ

ಸ್ವಲ್ಪ ಸರಿದು ನಿಂತು ಓದಿ. ನಾನು ಕಾಚನಹಳ್ಳಿ ರೈಲ್ವೆ ಗೇಟು! ನಾನು ಬಿದ್ದರೆ ಸಾಹೇಬರ ಕಾರೂ ನಿಲ್ಲಬೇಕು, ಗೊಬ್ಬರದ ಗಾಡಿಯೂ ನಿಲ್ಲಬೇಕು. ನಲವತ್ತೆರಡು ಜನರಿದ್ದ ಬಸ್ಸನ್ನು ಸಾವಿನ ಬಾಯಿಂದ ಎಳೆದುತಂದ ಹೀರೋ ನಾನೇ. ಟೀ ಅಂಗಡಿಯ ಗೋಡೆಯಲ್ಲಿ ನನ್ನ ಫೋಟೋ ಇದೆ, ನೋಡಿಕೊಳ್ಳಿ.

ಕೆಂಪು-ಬಿಳಿ ಪಟ್ಟೆ ಬಳಿದು, ಹಿಂಬದಿಗೆ ಕಬ್ಬಿಣದ ಗುಂಡು ಜೋಡಿಸಿ ನನ್ನನ್ನು ಇಲ್ಲಿ ನಿಲ್ಲಿಸಿದಾಗ ಸುತ್ತ ಜಾಲಿಮುಳ್ಳು ಬಿಟ್ಟರೆ ಏನೂ ಇರಲಿಲ್ಲ. ಮೊದಲ ರೈಲು ಬಂದಾಗ ನೆಲ ನಡುಗಿತು. ನಾನೂ ನಡುಗಿದೆ. ಆ ನಡುಕ ಇನ್ನೂ ಹೋಗಿಲ್ಲ. ಯಾರಿಗೂ ಹೇಳಬೇಡಿ.

ನಾನು ಬಿದ್ದಾಗಲೆಲ್ಲ ಬಸ್ಸು, ಲಾರಿ ಸಾಲುಗಟ್ಟಿದವು. ನಿಂತವರಿಗೆ ಹಸಿವಾಯಿತು. ಸಣ್ಣಮ್ಮ ಸೌತೆಕಾಯಿ ಸೀಳಿ, ಉಪ್ಪುಖಾರ ಸವರಿ ಕಿಟಕಿಗೆ ಹಿಡಿದಳು. ಓಂಕಾರಿ ಟೀ ಅಂಗಡಿ ಇಟ್ಟ. ಪಂಕ್ಚರ್ ಅಂಗಡಿ ಬಂತು, ಕಟಿಂಗ್ ಶಾಪು ಬಂತು, ಅವುಗಳ ಹಿಂದೆ ಮನೆಗಳು ಬಂದವು. ಕೆರೆಯಾಚೆಯ ಹಳೇ ಊರು ಪಾತ್ರೆಪಗಡಿ ಹೊತ್ತು ನನ್ನ ಬುಡಕ್ಕೇ ನಡೆದು ಬಂತು. ಆಯುಧಪೂಜೆಗೆ ಗೇಟ್‌ಮನ್ ಮರಿಯಪ್ಪ ನನಗೇ ಮೊದಲ ಕುಂಬಳಕಾಯಿ ಒಡೆಯುತ್ತಿದ್ದ.

ಆಮೇಲೆ ಹಳಿಯ ಕೆಳಗೆ ರಸ್ತೆ ಕೊರೆದರು. ಈಗ ಬಸ್ಸುಗಳು ನಿಲ್ಲದೆ ನುಗ್ಗುತ್ತವೆ. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನನ್ನನ್ನು ಕಿತ್ತು ಪೊದೆಗೆ ಎಸೆದಿದ್ದಾರೆ. ನಾಳೆ ಗುಜರಿ ಲಾರಿ ಬರುತ್ತದಂತೆ. ಭಯವಾಗುತ್ತಿದೆ. ಕುಲುಮೆಗೆ ಬೀಳುವ ಮುಂಚೆ ನಿಜ ಒಪ್ಪಿಕೊಂಡುಬಿಡುತ್ತೇನೆ.

ಆ ಬಸ್ಸು ಉಳಿದ ದಿನ ಬೆಳಿಗ್ಗೆ ದಟ್ಟ ಮಂಜು. ಒಲೆಗೆ ಹನಿ ಬೀಳುತ್ತದೆಂದು ಓಂಕಾರಿ ಟಾರ್ಪಾಲು ಎಳೆದ. ಹಗ್ಗದ ಒಂದು ತುದಿ ಕಲ್ಲುಕಂಬಕ್ಕೆ, ಇನ್ನೊಂದು ತುದಿ ನನ್ನ ಹಿಂಬದಿಯ ಕಬ್ಬಿಣದ ಗುಂಡಿಗೆ. "ನಮ್ ಗೇಟ್ ತಾನೆ, ಏನಾಯ್ತದೆ!" ಅಂದ.

ರೈಲು ಹೊರಟಿತೆಂದು ಸ್ಟೇಷನ್ನಿನಿಂದ ಫೋನು ಬಂತು. ಮರಿಯಪ್ಪ ಹಿಡಿ ತಿರುಗಿಸಿದ. ನಾನು ಅರ್ಧಕ್ಕೇ ನಿಂತೆ. ಗುಂಡು ಮೇಲೇಳದಂತೆ ಹಿಡಿದಿದ್ದ ಹಗ್ಗ ಆ ಮಂಜಿನಲ್ಲಿ ಯಾರಿಗೂ ಕಾಣಲಿಲ್ಲ.

"ಯಾಕಣ್ಣ ನಿಲ್ತು?" ಸಣ್ಣಮ್ಮ ಕೂಗಿದಳು.

"ಇಳೀತಿಲ್ಲ ಕಣಮ್ಮಿ! ರೈಲು ಬಂದ್ಬುಡ್ತು!"

ಮಂಜಿನಲ್ಲಿ ಬಸ್ಸಿನ ಎರಡು ದೀಪ. ಇನ್ನೊಂದು ಕಡೆ ರೈಲಿನ ಕೂಗು. ನಾನು ಗಾಳಿಯಲ್ಲಿ ನೇತಾಡುತ್ತಾ ಗಡಗಡ ನಡುಗುತ್ತಿದ್ದೆ. ಸಣ್ಣಮ್ಮ ಬುಟ್ಟಿಯನ್ನು ಬಸ್ಸಿನ ಗಾಜಿಗೇ ಬೀಸಿ, ರಸ್ತೆ ಮಧ್ಯೆ ಕೈ ಅಗಲಿಸಿ ನಿಂತಳು. ಬ್ರೇಕು ಕಿರುಚಿತು.

"ಏಯ್ ಅಮ್ಮೋ, ಸಾಯಕ್ಕೆ ನನ್ ಬಸ್ಸೇ ಬೇಕಿತ್ತಾ?" ಡ್ರೈವರ್ ರೇಗಿದ. ಅಷ್ಟರಲ್ಲಿ ಅವಳ ಬೆನ್ನ ಹಿಂದೆಯೇ ರೈಲು ಹಾದುಹೋಯಿತು.

"ಒಳಗಿರೋರೆಲ್ಲ ನನ್ ಗಿರಾಕಿಗಳು ಕಣಪ್ಪ," ಅಂದಳು ಸಣ್ಣಮ್ಮ, ಏದುಸಿರು ಬಿಡುತ್ತಾ. ಓಂಕಾರಿ ಅಳುತ್ತಲೇ ಹಗ್ಗ ಬಿಚ್ಚಿದ. ಅವಳು ಎಲ್ಲರತ್ತ ತಿರುಗಿದಳು. "ಯಾರ್ ಕೇಳಿದ್ರೂ ಗೇಟ್ ಬಿತ್ತು, ಬಸ್ ನಿಲ್ತು ಅನ್ರಪ್ಪ. ಮರಿಯಪ್ಪಣ್ಣನ ಕೆಲ್ಸ ಉಳೀಲಿ."

ಊರಿಗೆ ಊರೇ ಹಾಗೆಂದಿತು. ಅಂದೇ ಪೇಪರಿನವರು ಬಂದು ಫೋಟೋ ಹೊಡೆದರು, ನಾನು ಹೀರೋ ಆದೆ.

ಆ ಫೋಟೋ ನೋಡಲು ಹೋದರೆ ನನ್ನನ್ನು ಬಿಡಿ. ಮೂಲೆಯಲ್ಲಿ ಮುರಿದ ಬುಟ್ಟಿ ಹಿಡಿದು ನಿಂತಿದ್ದಾಳಲ್ಲ, ಆಕೆಯನ್ನು ನೋಡಿ.