ಬಿಸಿಲಿಗಿಟ್ಟ ಕೊಳವೆ

ಕೊಟ್ಟೂರಿನ ಹೊರಗಿದ್ದ ಶೇಂಗಾ ಕಾರ್ಖಾನೆಯಲ್ಲಿ ಬೆಳಗಿನ ಕೆಲಸ ಶುರುವಾಗಿತ್ತು. ಬೀಜದ ರಾಶಿಯ ಮುಂದೆ ಕುಳಿತು ಕಲ್ಲು, ಬೂಸ್ಟು ಹಿಡಿದ ಕಾಳು ಆರಿಸುತ್ತಿದ್ದ ಅಂಜಿನಕ್ಕನ ಕಣ್ಣು ಒಳಗಿನ ಗಾಜಿನ ಕೋಣೆಯ ಮೇಲೇ ಇತ್ತು. ಅಲ್ಲಿ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಲಕ್ಷ್ಮಿದೇವಿ, ನೀಲಿ ಕೋಟು ತೊಟ್ಟುಕೊಂಡು ಬಿಸ್ಕತ್ತು ಕಂಪನಿಯವರಿಗೆ ಯಂತ್ರ ತೋರಿಸುತ್ತಿದ್ದಳು.

"ಎಣ್ಣಿ ತೆಗೆದ ಹಿಂಡಿ ಹಿಟ್ಟನ್ನ ನೀರಾಗ ಕದಡಿ, ಸೋಸಿ, ಈ ಕೊಳವಿಗೆ ಬಿಡ್ತೀವ್ರಿ. ಇದರಾಗ ತೆಳ್ಳನ ಪೊರಿ ಐತ್ರಿ. ಉಪ್ಪು, ಸಕ್ಕರಿ ಎಲ್ಲಾ ನೀರಿನ ಜೋಡಿ ಹೊರಗ ಹೋಗ್ತಾವು, ಪ್ರೋಟೀನು ಒಳಗ ಉಳೀತೈತಿ. ಅದನ್ನ ಒಣಗಿಸಿದ್ರ ಪುಡಿ ಆತ್ರಿ."

"ಲಕ್ಷ್ಮಿದೇವಿಯವರು ಮೈಸೂರಿಗೆ ಹೋಗಿ ಕಲ್ತು ಬಂದಾರ್ರಿ," ಎಂದ ಮಾಲೀಕ ಶಿವಶಂಕರ.

ಆ 'ಯವರು' ಅಂಜಿನಕ್ಕನಿಗೆ ಮುಳ್ಳು ಚುಚ್ಚಿದಂತಾಯಿತು. ಇವಳನ್ನು ಕೈಹಿಡಿದು ಕೆಲಸಕ್ಕೆ ಕರೆತಂದವಳು ಯಾರು? ತಾನು. ಹತ್ತನೇ ತರಗತಿ ಪಾಸಾದಳೆಂದು ಗಾಜಿನ ಕೋಣೆ ಸೇರಿದವಳು ಯಾರು? ಅವಳು. ತಾನು ಮಾತ್ರ ನೆಲ ಬಿಟ್ಟು ಮೇಲೇಳಲಿಲ್ಲ. ಹೊಟ್ಟೆ ಉರಿಯದೆ ಏನಾದೀತು?

ಮುಂದಿನ ವಾರ ಲಕ್ಷ್ಮಿದೇವಿ ಮುಟ್ಟಾದಳು. ಒಂದೇ ಮನೆಯಲ್ಲಿದ್ದ ಅಂಜಿನಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಆ ದಿನಗಳಲ್ಲಿ ಮನೆಯಲ್ಲಿ ಹೊರಗೆ ಕೂರುವ ಹೆಂಗಸರೆಲ್ಲ ಕಾರ್ಖಾನೆಗೆ ಮಾತ್ರ ತುಟಿ ಬಿಗಿದುಕೊಂಡು ಬರುತ್ತಿದ್ದರು. ಹೇಳಿದರೆ ಕೂಲಿ ಹೋಗುತ್ತದಲ್ಲ. ಅಂಜಿನಕ್ಕನೂ ಹಾಗೆಯೇ ಬರುತ್ತಿದ್ದಳು, ಒಬ್ಬರದನ್ನು ಇನ್ನೊಬ್ಬರು ಆಡುತ್ತಿರಲಿಲ್ಲ. ಅವತ್ತು ಅಂಜಿನಕ್ಕ ಎಲ್ಲರಿಗಿಂತ ಹಿರಿಯಳಾದ ಭರಮಮ್ಮನ ಕಿವಿಯಲ್ಲಿ ಆಡಿಬಿಟ್ಟಳು.

"ಏನಂದಿ? ಹೊರಗಾದಾಕಿ ಪುಡಿ ಮುಟ್ಟಾಕತ್ತ್ಯಾಳ?" ಭರಮಮ್ಮನ ದನಿ ಕಾರ್ಖಾನೆಗೆಲ್ಲ ಕೇಳಿತು. "ಮಕ್ಳು ತಿನ್ನೋ ವಸ್ತು ಇದು! ಹಿರೇರು ಸುಮ್ನ ಕಟ್ಟು ಮಾಡ್ಯಾರೇನು? ಅಕಿ ಒಳಗಿದ್ರ ನಾವು ಯಾರೂ ಕೆಲಸ ಮಾಡಂಗಿಲ್ರಿ."

ಶಿವಶಂಕರನಿಗೆ ಧೈರ್ಯ ಸಾಲಲಿಲ್ಲ. "ನಂಗೇನಿಲ್ಲಮ್ಮ. ಆದ್ರ ಮಂದಿ ಬಾಯಿ ಮುಚ್ಚಾಕ ಆಗ್ತೈತೇನು? ಮೂರು ದಿನ ಮನ್ಯಾಗ ಇರು," ಎಂದ. ಈ ಸಲ ಅವನ ಬಾಯಲ್ಲಿ 'ಯವರು' ಇರಲಿಲ್ಲ. ಅಂಜಿನಕ್ಕನಿಗೆ ಹಾಯೆನಿಸಿತು.

ಲಕ್ಷ್ಮಿದೇವಿ ತಲೆ ತಗ್ಗಿಸಿಕೊಂಡು ಹೊರಟಳು. "ಅಕ್ಕಾ, ತೊಳ್ಯಾಕ ಬಿಚ್ಚಿದ ಕೊಳವಿ ನೀರಿನ ತೊಟ್ಟ್ಯಾಗ ಐತಿ. ಅಲ್ಲೇ ಇರ್ಲಿ, ತೆಗೀಬ್ಯಾಡ," ಎಂದಷ್ಟೇ ಹೇಳಿದಳು.

ಅವಳು ಹೇಳಿದ್ದನ್ನು ತಾನು ಕೇಳಬೇಕೇ? ಹೊರಗಾದವಳು ಮುಟ್ಟಿದ್ದನ್ನು ಮಡಿ ಮಾಡದೆ ಬಿಡುವುದುಂಟೇ? ಅಂಜಿನಕ್ಕ ಕೊಳವೆಯನ್ನು ಎತ್ತಿ, ಗಂಜಲ ಚಿಮುಕಿಸಿ, ಅರಿಶಿನದ ಬಿಸಿನೀರಲ್ಲಿ ತೊಳೆದು, ಅಂಗಳದ ಸುಡುಬಿಸಿಲಿಗೆ ಒಣಗಲು ಇಟ್ಟಳು. ಭರಮಮ್ಮ ಭೇಷ್ ಎಂದಳು.

ಲಕ್ಷ್ಮಿದೇವಿ ಮರಳಿ ಬಂದು ಯಂತ್ರ ನಡೆಸಿದಾಗ ಒಂದು ಹನಿಯೂ ಹೊರಬರಲಿಲ್ಲ. "ಒಣಗಿದ್ರ ಪೊರಿ ಕೆಟ್ಟಂಗ ಅಕ್ಕಾ. ಸದಾ ಹಸಿ ಇರಬೇಕದು," ಎಂದವಳಿಗೆ ಅಳು ಬಂದಿತ್ತು.

"ಮೈಲಿಗಿ ತೆಗದೀನಪ್ಪ, ತಪ್ಪೇನು?" ಎಂದು ಅಂಜಿನಕ್ಕ ಮಾಲೀಕನ ಎದುರೇ ಕೇಳಿದಳು.

ಶಿವಶಂಕರನ ಸಿಟ್ಟೆಲ್ಲ ಲಕ್ಷ್ಮಿದೇವಿಯ ಮೇಲೆ ತಿರುಗಿತು. "ನೀನಾಗೇ ರಜಾ ಹಾಕಿದ್ರ ಇಷ್ಟೆಲ್ಲ ಆಗ್ತಿತ್ತೇನು? ಹೋಗು, ಬೀಜ ಆರ್ಸು. ಹೊಸಾ ಕೊಳವಿ ಬರ್ಲಿ, ದಾವಣಗೆರೆಯಿಂದ ಗಂಡಾಳು ತರ್ತೀನಿ. ಇನ್ಮುಂದ ಹೊರಗಾದೋರು ಹೇಳಿ ಮನಿಗೆ ಹೋಗ್ರಿ, ಕೂಲಿ ಇಲ್ಲ."

ಬಯಸಿದ್ದು ಆಗಿತ್ತು. ನೆಗೆಣ್ಣಿ ಪಕ್ಕದಲ್ಲೇ, ನೆಲದ ಮೇಲೆ ಕುಳಿತು ಕಲ್ಲು ಆರಿಸುತ್ತಿದ್ದಳು. ಆದರೂ ಮಧ್ಯಾಹ್ನ ಅಂಜಿನಕ್ಕ ಅರ್ಧ ರೊಟ್ಟಿಯನ್ನು ಬುತ್ತಿಗೆ ಮರಳಿ ಇಟ್ಟಳು.

"ಅಕ್ಕಾ," ಲಕ್ಷ್ಮಿದೇವಿ ಮೆಲ್ಲಗೆ ಕೇಳಿದಳು, "ನಿಂದೂ ನಂಗ ಗೊತ್ತಾಗ್ತಿತ್ತಲ್ಲ, ನಾ ಯಾರ ಮುಂದರ ಅಂದೀನೇನು?"

ಅಂಜಿನಕ್ಕ ಬುತ್ತಿ ಕಟ್ಟಿ ಎದ್ದಳು. ಆಮೇಲೆ ಒಬ್ಬೊಬ್ಬ ಹೆಂಗಸೂ ಮುಖ ಸಣ್ಣದು ಮಾಡಿಕೊಂಡು ಮಾಲೀಕನಿಗೆ ಹೇಳಿ ಮನೆಗೆ ನಡೆದಾಗಲೆಲ್ಲ ಅವಳು ಮುಖ ತಿರುಗಿಸುತ್ತಿದ್ದಳು. ಆ ದಾರಿ ತೆರೆದವಳು ತಾನೇ ಎಂದು ಅವಳಿಗೆ ತಿಳಿದಿತ್ತು.

ಹೊಸ ಕೊಳವೆ ಬಂತು. ದಾವಣಗೆರೆಯ ಆಳು ಮರುದಿನ ಬರುವವನಿದ್ದ. ಅಂಜಿನಕ್ಕ ರಾಶಿ ಬಿಟ್ಟು ಎದ್ದು ಶಿವಶಂಕರನ ಮುಂದೆ ನಿಂತಳು.

"ನಾ ಇವತ್ತು ಹೊರಗಾಗೀನ್ರಿ."

"ಸರಿ, ಮನಿಗೆ ಹೋಗು."

"ಹೋಗಲ್ರಿ. ಎಷ್ಟು ವರ್ಷದಿಂದ ಹಿಂಗ ಬಂದು ಬೀಜ ಆರ್ಸೀನಿ. ಆ ಬೀಜದ ಪುಡಿ ಮಂದಿ ತಿಂದಾರ, ಯಾರಿಗೂ ಏನೂ ಆಗಿಲ್ಲ. ಕೊಳವಿ ಕೆಡಿಸಿದ್ದು ಲಕ್ಷ್ಮಿದೇವಿ ಅಲ್ರಿ, ನನ್ನ ಹೊಟ್ಟಿಕಿಚ್ಚು. ಕಳಿಸೋದಾದ್ರ ನನ್ನ ಕಳಸ್ರಿ."

ರಾಶಿಯ ಆ ಬದಿಯಲ್ಲಿ ಬೀಜ ಆರಿಸುತ್ತಿದ್ದ ಉಚ್ಚಂಗೆಮ್ಮ ಎದ್ದಳು. "ನಾನೂ ಹಂಗ ಬಂದೀನ್ರಿ." ಅವಳ ಹಿಂದೆ ಇನ್ನಿಬ್ಬರು ಎದ್ದರು. ಹೀಗೆ ಎಲ್ಲರೂ ಹೊಸಲು ದಾಟಿದರೆ ಕಾರ್ಖಾನೆಯಲ್ಲಿ ಉಳಿಯುವುದು ಮುಟ್ಟು ನಿಂತ ಭರಮಮ್ಮನೊಬ್ಬಳೇ ಎಂದು ಶಿವಶಂಕರನಿಗೆ ಅರ್ಥವಾಯಿತು. ಭರಮಮ್ಮ ಕಾಳು ಆರಿಸುತ್ತಲೇ ಇದ್ದಳು.

"ಯಾರೂ ಹೋಗಬ್ಯಾಡ್ರಿ, ಆ ಆಳಿಗೂ ಬ್ಯಾಡಂತೀನಿ. ಯಂತ್ರ ಯಾರು ನಡಸ್ತೀರಿ?" ಎಂದ ಶಿವಶಂಕರ, ಯಾರ ಮುಖವನ್ನೂ ನೋಡದೆ.

"ಲಕ್ಷ್ಮಿದೇವೀನ ನಡಸ್ತಾಳ್ರಿ. ನಾ ಬಾಜೂಕ ನಿಂತು ಕಲೀತೀನಿ," ಎಂದಳು ಅಂಜಿನಕ್ಕ.

ಹೊಟ್ಟೆಕಿಚ್ಚು ಪೂರ್ತಿ ಆರಿತ್ತು ಎಂದರೆ ಸುಳ್ಳಾದೀತು. ಗಾಜಿನ ಕೋಣೆಯ ಬಾಗಿಲಿಗೆ ಬಂದು ಅಂಜಿನಕ್ಕ ನಿಂತುಬಿಟ್ಟಳು. ಲಕ್ಷ್ಮಿದೇವಿ ಒಳಗಿನಿಂದ ನಳ ತೋರಿಸಿದಳು.

"ಸಾಬೂನು ಹಚ್ಚಿ ಕೈ ತೊಳ್ಕೊಂಡು ಬಾ ಅಕ್ಕಾ. ಒಳಗ ಬರಾಕ ಅಷ್ಟ ಸಾಕು."