ಮೌನಾಸುರ ನುಂಗಲಾರದ ಸದ್ದು

ಮೌನಾಸುರ ಎಡಗೈ ಎತ್ತಿದರೆ ಸಾಕು, ಸುತ್ತಲಿನ ಸದ್ದೆಲ್ಲ ಅಡಗಿಹೋಗುತ್ತದೆ. ಅಡಗಿದ ಸದ್ದೆಲ್ಲ ಅವನ ಹೊಟ್ಟೆ ಸೇರಿ ಬಲವಾಗುತ್ತದೆ. ರೈಲಿನ ಸದ್ದು ನುಂಗಿದನೋ, ರೈಲನ್ನೇ ಎತ್ತಿ ಬಿಸಾಡುತ್ತಾನೆ. ಗುಡುಗು ನುಂಗಿದ ದಿನವಂತೂ ಕೇಳಲೇಬೇಡಿ, ಅರ್ಧ ಊರು ನೆಲಸಮ. ಗುಂಡು ತಾಗದು, ಬೆಂಕಿ ಸುಡದು. ಇಷ್ಟೆಲ್ಲ ಇದ್ದೂ ಅವನಿಗೊಂದು ದೌರ್ಬಲ್ಯ: ಮಗುವಿನ ಕೆಮ್ಮು. ಅದೊಂದನ್ನು ಮಾತ್ರ ನುಂಗಲಾರ. ಅದು ಗಂಟಲಲ್ಲಿ ಸಿಕ್ಕಿಕೊಂಡರೆ, ನುಂಗಿದ್ದನ್ನೆಲ್ಲ ಕಕ್ಕಿ, ಮಂಡಿಯೂರಿ ಬೀಳುತ್ತಾನೆ.

ಇಷ್ಟೂ ರಿಜಿಸ್ಟರ್ ಅಮ್ಮನ ಪುಸ್ತಕದಲ್ಲಿತ್ತು. ಕಾಮಿಕ್ಸ್ ಕಂಪನಿಯ ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು, ಮೂವತ್ತೊಂದು ವರ್ಷದಿಂದ ಆಕೆಯದು. ಯಾವ ಖಳನಿಗೆ ಏನು ಬಲ, ಏನು ದೌರ್ಬಲ್ಯ, ಎಷ್ಟನೇ ಸಂಚಿಕೆಯಿಂದ, ಕಾರಣವೇನು ಎಂದು ನಾಲ್ಕು ಕಲಂ ಎಳೆದು ಬರೆದಿಡುವುದೇ ಆಕೆಯ ಕೆಲಸ. ಇಲ್ಲದಿದ್ದರೆ ಈ ಕಥೆ ಬರೆಯುವವರನ್ನು ನಂಬುವ ಹಾಗುಂಟೆ? ಹೋದ ತಿಂಗಳು ಕುರುಡನಾದವನ ಕೈಲಿ ಈ ತಿಂಗಳು ಪೇಪರ್ ಓದಿಸುತ್ತಾರೆ! ಅದಕ್ಕೇ ಆಕೆ ಒಂದು ನಿಯಮ ಮಾಡಿದ್ದಳು. ಕಾರಣದ ಕಲಂ ತುಂಬಿದ್ದರೆ ಆ ಸಾಲನ್ನು ಯಾರೂ ಮುಟ್ಟುವಂತಿಲ್ಲ. ಖಾಲಿಯಿದ್ದರೆ ಯಾರು ಬೇಕಾದರೂ ಬದಲಾಯಿಸಬಹುದು. ಈ ವಿಷಯದಲ್ಲಿ ಆಕೆ ಮಾಲೀಕರಿಗೂ ಸೊಪ್ಪು ಹಾಕಿದವಳಲ್ಲ.

ಮೌನಾಸುರನನ್ನು ಹುಟ್ಟಿಸಿದವನು ಆಕೆಯ ಗಂಡ, ಅದೇ ಕಂಪನಿಯ ಕಥೆಗಾರ. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಈಗ ಮೌನಾಸುರನ ಸಿನಿಮಾ ಮಾಡುತ್ತೇನೆಂದು ನಿರ್ದೇಶಕಿಯೊಬ್ಬಳು ಬಂದಿದ್ದಳು. ಚುರುಕು ಹೆಂಗಸು, ಅರಳು ಹುರಿದ ಹಾಗೆ ಮಾತು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಈ ಕೆಮ್ಮು ನಡಿಯಲ್ಲ. ರೈಲು ಎತ್ತೋನು ಕೆಮ್ಮಿಗೆ ಬೀಳ್ತಾನೆ ಅಂದ್ರೆ ಜನ ಬಿದ್ದೂ ಬಿದ್ದೂ ನಗ್ತಾರೆ. ಒಂದು ಗಂಟೆ ಇಡೋಣ. ಆಳೆತ್ತರದ ಕಂಚಿನ ಗಂಟೆ. ಢಣ್ ಅಂದ್ರೆ ಥಿಯೇಟರೇ ನಡುಗ್ಬೇಕು!"

"ಕೆಮ್ಮೇ ಇರ್ಲಿ," ಎಂದಳು ರಿಜಿಸ್ಟರ್ ಅಮ್ಮ.

"ಯಾಕೆ ಅಂತ ಹೇಳಿ, ಇಡ್ತೀನಿ."

ಆಕೆ ಪುಸ್ತಕ ಮುಚ್ಚಲು ಹೋದಳು. ನಿರ್ದೇಶಕಿ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಕೊನೆಯ ಕಲಂ ಮೇಲೆ ಬೆರಳಿಟ್ಟಳು. ಅಲ್ಲಿ ಗಂಡನ ಕೈಬರಹದಲ್ಲಿ ಎರಡೇ ಪದ: 'ಆಮೇಲೆ ಬರೆಯುತ್ತೇನೆ.'

"ಇದು ಖಾಲಿ ಇದ್ದ ಹಾಗೇ ಅಲ್ವಾ ಅಮ್ಮಾ? ನಿಯಮ ನಿಮ್ಮದೇ. ನಾಳೆ ಮಧ್ಯಾಹ್ನ ಚಿತ್ರಕಥೆ ಕಳಿಸ್ಬೇಕು. ಅಷ್ಟರೊಳಗೆ ಕಾರಣ ಸಿಕ್ಕಿದ್ರೆ ಸರಿ, ಇಲ್ದಿದ್ರೆ ಗಂಟೆ."

ಕಾರಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ಗೊತ್ತಿದ್ದದ್ದು ಇಬ್ಬರಿಗೆ, ಒಬ್ಬ ಹೊರಟುಹೋಗಿದ್ದ, ಅಷ್ಟೇ.

ಅವರಿಗೊಬ್ಬಳು ಮಗಳಿದ್ದಳು. ಪುಟ್ಟಿ. ಆರು ವರ್ಷ. ಒಂದೂವರೆ ಕೋಣೆಯ ಬಾಡಿಗೆ ಮನೆ: ಅರ್ಧದಲ್ಲಿ ಅಡುಗೆ, ಒಂದರಲ್ಲಿ ಅಪ್ಪನ ಬರೆಯುವ ಮೇಜು, ಮೇಜಿಗೆ ತಗುಲಿಕೊಂಡೇ ಪುಟ್ಟಿಯ ಮಂಚ. ಸೋಮವಾರ ಬಂತೆಂದರೆ ಕಥೆ ಪ್ರೆಸ್ಸಿಗೆ ಹೋಗಲೇಬೇಕು. ಪುಟ್ಟಿಗೆ ಕೆಮ್ಮು ಹತ್ತಿಕೊಂಡಿತ್ತು. ಅವನೇನು ಕೆಟ್ಟ ಅಪ್ಪನಲ್ಲ, ಮಗಳೆಂದರೆ ಪ್ರಾಣ ಬಿಡುತ್ತಿದ್ದ. ಆದರೆ ಆ ದಿನ ಒಂದು ಸಾಲೂ ಮುಂದೆ ಹೋಗದೆ ತಲೆ ಕೆಟ್ಟು, ಪೆನ್ನು ಎಸೆದು, "ಸ್ವಲ್ಪ ಸುಮ್ನಿರ್ತೀಯೋ ಇಲ್ವೋ!" ಎಂದು ಎಡಗೈ ಎತ್ತಿದ. ಹೊಡೆಯಲಿಲ್ಲ. ಎತ್ತಿದ, ಅಷ್ಟೇ. ಆಕೆಯೂ ಒಲೆ ಮುಂದಿನಿಂದಲೇ, "ಅಪ್ಪ ಬರೀತಿದ್ದಾರೆ, ಸದ್ದು ಮಾಡ್ಬೇಡ ಕಂದಾ," ಎಂದಳು.

ಅಯ್ಯೋ, ಹೇಳಿದ ಮಾತು ಕೇಳುವ ಮಗು ಅದು! ಎರಡೇ ದಿನಕ್ಕೆ ಕೆಮ್ಮು ನಿಂತಿತು. "ನೋಡೇ, ಪುಟ್ಟಿಗೆ ವಾಸಿ ಆಯ್ತು," ಎಂದು ಅವನು ಹಿಗ್ಗಿದ. ಆಕೆಯೂ ಹಿಗ್ಗಿದಳು. ಮಗು ಊಟ ಬಿಟ್ಟಿದ್ದಕ್ಕೆ ಹಟ ಎಂದುಕೊಂಡಳು. ಹನ್ನೊಂದನೇ ದಿನ ಹಾಸಿಗೆ ಕೊಡವುವಾಗ ದಿಂಬು ಮಗುಚಿತು. ಅಡಿಮಗ್ಗುಲಲ್ಲಿ ಪುಟ್ಟಿ ಬಾಯಿ ಒತ್ತಿ ಒತ್ತಿ ಕೆಮ್ಮಿದ್ದ ಜಾಗ ರಕ್ತ ಒಣಗಿ ಗಟ್ಟಿಯಾಗಿತ್ತು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. "ಇಷ್ಟು ದಿನ ಕೆಮ್ತಾ ಇದ್ದಿದ್ದು ನಿಮಗೆ ಕೇಳಿಸ್ಲೇ ಇಲ್ವಾ?" ಎಂದರು ಡಾಕ್ಟರು. ನಾಲ್ಕನೇ ದಿನ ಬರಿಗೈಲಿ ಮನೆಗೆ ಬಂದರು.

ಮೂರು ತಿಂಗಳು ಕಳೆದ ಮೇಲೆ ಅವನು ಎಡಗೈ ಎತ್ತುವ ಒಬ್ಬ ಖಳನನ್ನು ಬರೆದು ತಂದ. ಏಳನೇ ಸಂಚಿಕೆಯಲ್ಲಿ ಅವನನ್ನು ಬೀಳಿಸಲು ಮಗುವಿನ ಕೆಮ್ಮು ತಂದ. ಗಂಡ ಹೆಂಡತಿ ಅದರ ಬಗ್ಗೆ ಒಂದು ದಿನವೂ ತುಟಿಪಿಟಕ್ಕೆನ್ನಲಿಲ್ಲ. ಅವನು ತಿಂಗಳು ತಿಂಗಳು ಮೌನಾಸುರನನ್ನು ಬೀಳಿಸುವುದು, ಆಕೆ ರಿಜಿಸ್ಟರಿಗೆ ಏರಿಸುವುದು, ಹೀಗೇ ಆಯಸ್ಸು ಸವೆಯಿತು. ಪುಟ್ಟಿಯದೊಂದು ಫೋಟೋ ಕೂಡ ತೆಗೆಸಿರಲಿಲ್ಲ. ಲೋಕದಲ್ಲಿ ಅವಳದೆಂದು ಉಳಿದದ್ದು ಆ ಕೆಮ್ಮೊಂದೇ. ಗಂಟೆ ಬಂದರೆ ಅದೂ ಹೋಯಿತು. ಹಾಗಂತ ಕಾರಣ ಬರೆದರೆ? ಇಡೀ ಕಂಪನಿ ಓದುವ ಪುಸ್ತಕ. ಕೈಮುಗಿದು ಕಳಿಸಿಕೊಟ್ಟ ಮನುಷ್ಯನನ್ನು ನಾಳೆ ಎಲ್ಲರೂ ಮಗಳನ್ನು ಕೊಂದವನು ಎಂದಾರು.

ಮಾರನೇ ಬೆಳಿಗ್ಗೆ, ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ಆಕೆ ರಿಜಿಸ್ಟರ್ ಬಿಚ್ಚಿದಳು. ಗಂಡನ ಎರಡು ಪದದ ಕೆಳಗೆ ಎರಡು ಬೆರಳಿನಷ್ಟು ಜಾಗವಿತ್ತು. ಸಣ್ಣ ಅಕ್ಷರದಲ್ಲಿ ಬರೆದಳು: 'ನಮ್ಮ ಮಗಳಿಗೆ ಸದ್ದು ಮಾಡಬೇಡ ಎಂದೆವು. ಮಾಡಲಿಲ್ಲ. ಸತ್ತುಹೋದಳು.' ಮಸಿ ಆರುವವರೆಗೆ ನೋಡುತ್ತ ಕೂತು, ಮತ್ತೊಂದು ಸಾಲು ಸೇರಿಸಿದಳು: 'ಎಂದವರು ಕಥೆಗಾರರೊಬ್ಬರೇ ಅಲ್ಲ. ನಾನೂ.'

ನಿರ್ದೇಶಕಿ ಬಂದು ಓದಿದಳು. "ಗಂಟೆ ಬೇಡ ಅಮ್ಮಾ," ಎಂದು ಎದ್ದುಹೋದಳು.

ಸಿನಿಮಾ ಬಿಡುಗಡೆಯಾದ ಮೊದಲ ಭಾನುವಾರ, ಮಧ್ಯಾಹ್ನದ ಆಟಕ್ಕೆ ರಿಜಿಸ್ಟರ್ ಅಮ್ಮ ಒಬ್ಬಳೇ ಹೋದಳು. ಥಿಯೇಟರ್ ತುಂಬ ಮಕ್ಕಳೇ ಮಕ್ಕಳು. ಪಕ್ಕದ ಸೀಟಿನಲ್ಲಿ ಎರಡು ಜಡೆಯ ಪುಟಾಣಿಯೊಂದು ಸೀಟಿನ ತುದಿಗೆ ಬಂದು ಕೂತಿತ್ತು, ಆಚೆಗೆ ಅದರ ತಾಯಿ. ಪರದೆಯ ಮೇಲೆ ಮೌನಾಸುರ ಎಡಗೈ ಎತ್ತಿದ. ಇಡೀ ಥಿಯೇಟರ್ ಸ್ತಬ್ಧ. ಆ ಮೌನದಲ್ಲಿ, ಮುರಿದ ಗೋಡೆಯ ಹಿಂದಿನಿಂದ ಒಂದು ಮಗು ಕೆಮ್ಮಿತು. ಮೌನಾಸುರ ಓಲಾಡಿದ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾವುದೋ ತುಂಟ ಹುಡುಗಿ ಬೇಕೆಂದೇ "ಖೊಕ್!" ಎಂದಳು. ಹಿಂದಿನಿಂದ ಇನ್ನೊಂದು "ಖೊಕ್ ಖೊಕ್!" ನೋಡನೋಡುತ್ತಿದ್ದಂತೆ ಥಿಯೇಟರಿನ ಮಕ್ಕಳೆಲ್ಲ ಹೊಟ್ಟೆ ಹಿಡಿದು ನಗುತ್ತ, ಕುಣಿಯುತ್ತ, ಕೆಮ್ಮತೊಡಗಿದವು.

"ಅಜ್ಜೀ, ನೀವೂ ಕೆಮ್ಮಿ!" ಎಂದಿತು ಪಕ್ಕದ ಪುಟಾಣಿ. "ಎಲ್ರೂ ಜೋರಾಗಿ ಕೆಮ್ಮಿದ್ರೇನೇ ಅವ್ನು ಸಾಯೋದು!"

ಆಕೆಗೆ ಕೆಮ್ಮಲಾಗಲಿಲ್ಲ. ಪರದೆಯ ಮೇಲೆ ಬಿದ್ದು ಏಳಲಾರದೆ ಒದ್ದಾಡುತ್ತಿದ್ದವನು ಆಕೆಯ ಪಾಲಿಗೆ ಮೌನಾಸುರನಲ್ಲ, ಗಂಡ. ಕಣ್ಣಿಂದ ನೀರು ದಳದಳ ಇಳಿಯಿತು. ಅದನ್ನು ಕಂಡ ಮಗುವಿನ ತಾಯಿ ಗಾಬರಿಯಾಗಿ, "ಏಯ್, ಸುಮ್ನಿರು! ಅಜ್ಜಿಗೆ ತೊಂದ್ರೆ ಆಗ್ತಿದೆ, ಸದ್ದು ಮಾಡ್ಬೇಡ," ಎಂದು ಗದರಿದಳು.

ಮಗು ತಟ್ಟನೆ ಎರಡೂ ಅಂಗೈಯಿಂದ ಬಾಯಿ ಒತ್ತಿ ಹಿಡಿಯಿತು. ಸುತ್ತ ಎಲ್ಲ ಮಕ್ಕಳೂ ಕಿರುಚಾಡುತ್ತಿದ್ದರೂ ಅದೊಂದು ಮಾತ್ರ ಉಸಿರು ಬಿಗಿಹಿಡಿದು ಕೂತಿತು.

ರಿಜಿಸ್ಟರ್ ಅಮ್ಮ ಆ ಪುಟ್ಟ ಕೈಗಳನ್ನು ಹಿಡಿದು, ಒಂದೊಂದಾಗಿ ಬಾಯಿಂದ ಬಿಡಿಸಿದಳು.

"ಕೆಮ್ಮು ಕಂದಾ," ಎಂದಳು. "ಎಷ್ಟು ಜೋರಾಗಿ ಬೇಕಾದ್ರೂ ಕೆಮ್ಮು. ನಾನು ಕೇಳಿಸ್ಕೋತೀನಿ."